ಬಯಲಲ್ಲಿ ಲೋಹಶಿಲ್ಪ: ಕಲಾವಿದೆಯರ ಕೃತಿಗಳನ್ನು ಮ್ಯೂಸಿಯಂ ಅಂಗಳದಲ್ಲಿ ನಿಲ್ಲಿಸಿ ಕಾಪಾಡುವ ಸಮಗ್ರ ಮಾರ್ಗದರ್ಶಿ

ಒಂದೇ ಕಂಚಿನ ಶಿಲ್ಪವನ್ನು ಇಬ್ಬರ ಕೈಗೆ ಕೊಟ್ಟು ‘ಶುಚಿ ಮಾಡಿ’ ಎಂದರೆ ಒಬ್ಬರು ಹಸಿರು ಬಣ್ಣವನ್ನು ಜೋಪಾನವಾಗಿ ಉಳಿಸುತ್ತಾರೆ, ಇನ್ನೊಬ್ಬರು ಕಿಲುಬೆಂದು ತಿಕ್ಕಿ ತೆಗೆಯುತ್ತಾರೆ. ಯಾರು ಮಾಡಿದ್ದು ಸರಿ? ಲೋಹವನ್ನು ನೋಡಿ ಇದಕ್ಕೆ ಉತ್ತರ ಹೇಳಲಾಗದು. ಆ ಶಿಲ್ಪಿ ಯಾವ ಮೇಲ್ಮೈ ಬಯಸಿದ್ದರು ಎಂಬ ದಾಖಲೆ ಕೈಯಲ್ಲಿರಬೇಕು. ಜಾಗದ ಆಯ್ಕೆ, ಬೋಲ್ಟು, ಕ್ರೇನು, ಮೇಣ ಎಲ್ಲವೂ ಆ ದಾಖಲೆಯ ಹಿಂದೆ ಬರುತ್ತವೆ. ಆದ್ದರಿಂದ ಕೆಲಸವನ್ನು ಅಲ್ಲಿಂದಲೇ ಶುರು ಮಾಡೋಣ.

1. ಮೇಲ್ಮೈ ಹೇಗಿರಬೇಕು ಎಂಬುದನ್ನು ಬರೆದಿಟ್ಟುಕೊಳ್ಳಿ

ಮೇಲೆ ಕಟ್ಟುವ ತುಕ್ಕಿನ ಪೊರೆಯೇ ಒಳಗಿನ ಲೋಹವನ್ನು ಕಾಯುವ ಕಾರ್ಟೆನ್ ಸ್ಟೀಲನ್ನೇ ತೆಗೆದುಕೊಳ್ಳಿ. ಬೆವರ್ಲಿ ಪೆಪ್ಪರ್ ಅವರ ಎತ್ತರದ ಕಂಬಗಳಲ್ಲಿ ತುಕ್ಕಿನ ಕಂದು ಪೊರೆಯೇ ಬಣ್ಣ, ಅದನ್ನು ಮುಟ್ಟುವಂತಿಲ್ಲ. ಲೂಯಿಸ್ ನೆವೆಲ್ಸನ್ ಕೂಡ ಕಾರ್ಟೆನ್ ಬಳಸಿದರು, ಆದರೆ ಅನೇಕ ದೊಡ್ಡ ಕೃತಿಗಳಿಗೆ ಮೇಲಿಂದ ಕಪ್ಪು ಬಣ್ಣ ಬಳಿಸಿದರು. ಅಲ್ಲಿ ತುಕ್ಕಿನ ಒಂದು ಗೆರೆ ಕಂಡರೂ ರಿಪೇರಿಗೆ ಹೊತ್ತಾಯಿತು ಎಂದರ್ಥ. ಲೋಹ ಒಂದೇ, ನೋಡಿಕೊಳ್ಳುವ ಕ್ರಮ ಪೂರ್ತಿ ಉಲ್ಟಾ.

ಬಾರ್ಬರಾ ಹೆಪ್‌ವರ್ತ್ ಅವರ ಹಲವು ಕಂಚುಗಳಲ್ಲಿ ಹೊರಮೈ ಕಂದು, ಒಳಗಿನ ಟೊಳ್ಳು ಹಸಿರು. ಆ ಹಸಿರು ಬೇಕೆಂದೇ ಹಾಕಿದ್ದು. ಡೆಬೊರಾ ಬಟರ್‌ಫೀಲ್ಡ್ ಅವರ ಕುದುರೆಗಳು ಒಣಗಿದ ಕೊಂಬೆಗಳಂತೆ ಕಾಣುತ್ತವೆ. ಹತ್ತಿರ ಹೋಗಿ ತಟ್ಟಿದರೆ ಕಂಚು. ಆ ಮರದ ಬಣ್ಣ ಪಟಿನಾ, ಅಂದರೆ ಲೋಹದ ಮೈಗೆ ರಾಸಾಯನಿಕದಿಂದ ಬರಿಸುವ ಬಣ್ಣದ ಪೊರೆ, ಹಾಕಿ ತಂದದ್ದು. ಅದರ ಮೇಲೆ ಎಂದಿನಂತೆ ಮೇಣ ತಿಕ್ಕಿದರೆ ತಿಳಿಬಣ್ಣ ಕಪ್ಪಾಗಿ ಕುದುರೆಯ ಸ್ವಭಾವವೇ ಹೋಗುತ್ತದೆ. ಷಿಕಾಗೊದ ಗ್ರಾಂಟ್ ಪಾರ್ಕಿನಲ್ಲಿ 2006ರಿಂದ ನಿಂತಿರುವ ಮಗ್ದಲೇನಾ ಅಬಕನೋವಿಚ್ ಅವರ ‘ಅಗೋರಾ’ದಲ್ಲಿ ಸುಮಾರು 2.7 ಮೀಟರ್ ಎತ್ತರದ 106 ಕಬ್ಬಿಣದ ಆಕೃತಿಗಳಿವೆ. ತುಕ್ಕಿನ ಮೈ ಅಲ್ಲಿ ಕೃತಿಯದೇ ಭಾಗ.

ಕಲಾವಿದೆ ಬದುಕಿದ್ದರೆ ಅವರನ್ನೇ, ಇಲ್ಲದಿದ್ದರೆ ವಾರಸುದಾರರನ್ನು ಇಲ್ಲವೇ ಎರಕದ ಮನೆಯವರನ್ನು ಕೇಳಿ ಈ ವಿವರಗಳನ್ನು ಸಹಿಯೊಂದಿಗೆ ಪಡೆಯಿರಿ: ಮಿಶ್ರಲೋಹ ಯಾವುದು, ಗೋಡೆಯ ದಪ್ಪ ಎಷ್ಟು, ಒಳಗೆ ಕಬ್ಬಿಣದ ಅಸ್ಥಿಪಂಜರ ಇದೆಯೇ, ಒಟ್ಟು ತೂಕ ಎಷ್ಟು, ಪಟಿನಾಗೆ ಯಾವ ರಾಸಾಯನಿಕ ಬಳಸಿದ್ದು, ಮೇಲೆ ಮೇಣವೋ ಲ್ಯಾಕರ್ರೋ. ಬಣ್ಣ ಬಳಿದ ಕೃತಿಯಾದರೆ ಬಣ್ಣದ ಕೋಡ್ ಮತ್ತು ಹೊಳಪಿನ ಅಳತೆ. ಮುಖ ಯಾವ ದಿಕ್ಕಿಗಿರಬೇಕು, ಪೀಠ ಬೇಕೇ ಬೇಡವೇ, ಜನ ಮುಟ್ಟಬಹುದೇ, ಹಾಳಾದರೆ ಮರು ಬಣ್ಣಕ್ಕೆ ಒಪ್ಪಿಗೆ ಇದೆಯೇ, ಕಳುವಾದರೆ ಮರು ಎರಕ ಹಾಕಬಹುದೇ ಎಂಬುದನ್ನೂ ಕೇಳಿ. ಕೊನೆಯ ಪ್ರಶ್ನೆ ಮುಜುಗರದ್ದು, ನಿಜ. ಆದರೂ ಇನ್ಶೂರೆನ್ಸ್ ಕಾಗದಕ್ಕೆ ಮೊದಲೇ ಇದು ಇತ್ಯರ್ಥವಾಗಲಿ.

ಹಳೆಯ ಸಂಗ್ರಹಗಳಲ್ಲಿ ಕಲಾವಿದೆಯರ ಕಡತ ತೆಳ್ಳಗಿರುವುದು ಅಪರೂಪವೇನಲ್ಲ. ಕೃತಿ ಉಡುಗೊರೆಯಾಗಿ ಬಂದಿರುತ್ತದೆ, ಎರಕದ ರಸೀದಿ ಗಂಡನ ಹೆಸರಲ್ಲೋ ಗುರುವಿನ ಸ್ಟುಡಿಯೊ ಹೆಸರಲ್ಲೋ ಇರುತ್ತದೆ. ಹಾಗಾಗಿ ಎರಕದ ಮನೆಯ ಹಳೆಯ ಲೆಕ್ಕಪುಸ್ತಕ, ಪ್ರದರ್ಶನದ ಫೋಟೊ, ಕೃತಿಯ ಮೇಲಿನ ಮುದ್ರೆ ಮತ್ತು ಎಡಿಷನ್ ಸಂಖ್ಯೆ ಇವನ್ನು ಹುಡುಕಲು ಸಮಯ ಇಟ್ಟುಕೊಳ್ಳಿ. ಹೊಸ ಕೃತಿಯಾದರೆ ಅದೇ ಲೋಹದ, ಅದೇ ಮೇಲ್ಮೈಯ 10×10 ಸೆಂ.ಮೀ. ಮಾದರಿ ತುಂಡುಗಳನ್ನು ಮೂರು ಕೇಳಿ ಪಡೆಯಿರಿ. ಒಂದನ್ನು ಒಣ ಕತ್ತಲೆ ಕಪಾಟಿನಲ್ಲಿಡಿ, ಒಂದನ್ನು ಕೃತಿಯ ಪಕ್ಕದಲ್ಲೇ ಬಿಸಿಲು ಮಳೆಗೆ ಬಿಡಿ, ಮೂರನೆಯದು ಮೇಣ ಸಾಬೂನುಗಳ ಪರೀಕ್ಷೆಗೆ. ಹತ್ತು ವರ್ಷದ ನಂತರ ‘ಮೊದಲು ಇದೇ ಬಣ್ಣವಿತ್ತಾ?’ ಎಂಬ ಜಗಳವನ್ನು ಕಪಾಟಿನ ತುಂಡು ತೀರಿಸುತ್ತದೆ.

2. ಕೃತಿ ಹೊರಗೆ ಬಾಳುವುದೇ? ಮೂರು ಪರೀಕ್ಷೆ

ಮೊದಲನೆಯದು ಆಯಸ್ಕಾಂತ. ಕಂಚಿನ ಮೈ ಮೇಲೆಲ್ಲ ಒಂದು ಬಲವಾದ ಚಿಕ್ಕ ಆಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಆಡಿಸಿ. ಅಂಟಿದ ಕಡೆ ಒಳಗೆ ಕಬ್ಬಿಣದ ಮೊಳೆಯೋ ಸರಳೋ ಉಳಿದಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಒಳಗಿನಿಂದ ಉಬ್ಬಿ ಕಂಚನ್ನು ಸೀಳುತ್ತದೆ, ಇಲ್ಲವೇ ಕಂದು ನೀರಾಗಿ ಸೋರುತ್ತದೆ. ಅಮೆರಿಕದ ಸ್ವಾತಂತ್ರ್ಯ ದೇವತೆಯ ಪ್ರತಿಮೆಯಲ್ಲಿ ತಾಮ್ರದ ಹೊದಿಕೆ ಮತ್ತು ಕಬ್ಬಿಣದ ಪಟ್ಟಿಗಳ ನಡುವಿನ ನಿರೋಧಕ ಹಾಳಾಗಿ ಇದೇ ತೊಂದರೆ ಬಂತು. 1984–86ರ ದುರಸ್ತಿಯಲ್ಲಿ ಆ ಪಟ್ಟಿಗಳನ್ನು ತೆಗೆದು ಸ್ಟೇನ್‌ಲೆಸ್ ಸ್ಟೀಲ್ ಹಾಕಿ, ನಡುವೆ ಟೆಫ್ಲಾನ್ ಇಡಲಾಯಿತು.

ಎರಡನೆಯದು ನೀರು. ಕೃತಿ ನಿಲ್ಲಬೇಕಾದ ಭಂಗಿಯಲ್ಲೇ ನಿಲ್ಲಿಸಿ, ಹತ್ತು ನಿಮಿಷ ತೋಟದ ಪೈಪಿನಿಂದ ಮಳೆಯಂತೆ ಸುರಿಸಿ. ಅರ್ಧ ಗಂಟೆ ಬಿಟ್ಟು ಟಾರ್ಚ್ ಹಿಡಿದು ನೋಡಿ: ಮಡಿಕೆ, ಬಟ್ಟಲು, ತೋಳಿನ ಸಂದು ಎಲ್ಲೆಲ್ಲಿ ನೀರು ನಿಂತಿದೆ ಎಂದು ಗುರುತು ಹಾಕಿ. ನೀರು ನಿಂತಲ್ಲೇ ಮೊದಲು ಸವೆತ. ಚಳಿ ಪ್ರದೇಶದಲ್ಲಿ ಅದು ಹೆಪ್ಪುಗಟ್ಟಿ ಸುಮಾರು 9 ಶೇಕಡಾ ಹಿಗ್ಗುತ್ತದೆ, ಎರಕದಲ್ಲಿ ಬಿರುಕು ಬಿಡಿಸುತ್ತದೆ. ಟೊಳ್ಳು ಕೃತಿಗಳಿಗೆ ಅತಿ ತಗ್ಗಿನ ಬಿಂದುವಿನಲ್ಲಿ 8–12 ಮಿ.ಮೀ. ರಂಧ್ರ ಬೇಕು. ಅದನ್ನು ಕೊರೆಯುವ ಮುನ್ನ ಕಲಾವಿದೆಯ ಲಿಖಿತ ಒಪ್ಪಿಗೆ ಇರಲಿ. 5 ಮಿ.ಮೀ. ರಂಧ್ರ ಸಾಕೆಂದುಕೊಂಡರೆ ಒಂದು ಕಣಜದ ಗೂಡು ಅಥವಾ ಎರಡು ಎಲೆ ಬಿದ್ದರೆ ಮುಗಿಯಿತು. ಹುಳ ಬಾರದಂತೆ ಸ್ಟೇನ್‌ಲೆಸ್ ಜಾಲರಿ ಹಾಕಬಹುದು, ಆದರೆ ತೆಗೆದು ತೊಳೆಯುವ ಹಾಗಿರಬೇಕು.

ಮೂರನೆಯದು ಜೊತೆಗಾರ ವಸ್ತುಗಳು. ಹೆಪ್‌ವರ್ತ್ ಅವರ ಕೆಲವು ಕೃತಿಗಳಲ್ಲಿ ಲೋಹದ ಜೊತೆ ದಾರಗಳಿವೆ. ಅಂಥವು ಒಳಾಂಗಣದಲ್ಲೇ ಇರಲಿ. ಅಲ್ಯೂಮಿನಿಯಂ ಮತ್ತು ಸ್ಟೀಲ್ ಸರಳುಗಳು ಸೇರಿದ ಅವರ ‘ವಿಂಗ್ಡ್ ಫಿಗರ್’ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನ ಗೋಡೆಯ ಮೇಲೆ 1963ರಿಂದ ಇದೆ. ಎರಡು ಲೋಹ ಸೇರುವ ಪ್ರತಿ ಕೀಲನ್ನೂ ಪರೀಕ್ಷಾ ಪಟ್ಟಿಗೆ ಸೇರಿಸಬೇಕಾದ ಜಾತಿಯ ಕೃತಿ ಅದು.

ಕಡಲ ತೀರಕ್ಕೆ ಹತ್ತಿರವಿದ್ದರೆ ಲೆಕ್ಕ ಬದಲಾಗುತ್ತದೆ. ಉಪ್ಪಿನ ಗಾಳಿಯಲ್ಲಿ ಕಾರ್ಟೆನ್‌ನ ಪೊರೆ ಗಟ್ಟಿಯಾಗುವುದೇ ಇಲ್ಲ, ಪದರ ಪದರವಾಗಿ ಎದ್ದು ಬರುತ್ತದೆ. ಸ್ಟೇನ್‌ಲೆಸ್ ಆದರೆ 304 ದರ್ಜೆಯದು ಬೇಡ, ಉಪ್ಪನ್ನು ಹೆಚ್ಚು ತಾಳುವ 316ಎಲ್ ದರ್ಜೆ ಕೇಳಿ. ಅದೂ ಒರಟಾಗಿ ಉಜ್ಜಿದ ಮೈಯಾದರೆ ಗೀರುಗಳಲ್ಲಿ ಉಪ್ಪು ಕೂತು ಚಹಾ ಬಣ್ಣದ ಕಲೆ ಬರುತ್ತದೆ. ನಯವಾಗಿ ಪಾಲಿಶ್ ಆದದ್ದು ಹೆಚ್ಚು ತಾಳುತ್ತದೆ.

3. ಜಾಗ

ಇಲ್ಲೊಂದು ಮಾತು ನೇರವಾಗಿ ಹೇಳಿಬಿಡಬೇಕು. ಕಲಾವಿದೆಯರ ಕೃತಿಗಳನ್ನೆಲ್ಲ ಒಟ್ಟುಮಾಡಿ ಹಿಂದಿನ ತೋಟಕ್ಕೆ ಸೇರಿಸಿ, ಮುಂಬಾಗಿಲಿನ ಜಾಗವನ್ನು ಯಾರೋ ದೊಡ್ಡ ಹೆಸರಿನ ಗಂಡಸಿನ ಕಂಚಿಗೆ ಮೀಸಲಿಡುವ ಏರ್ಪಾಡು ಬೇಡ. ವಿಷಯ ಯಾವುದೇ ಇರಲಿ, ನೋಡುಗರು ಜಾಗ ನೋಡಿಯೇ ಮಹತ್ವ ಅಳೆಯುತ್ತಾರೆ. ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯೆದುರು 1964ರಲ್ಲಿ ಅನಾವರಣವಾದ ಹೆಪ್‌ವರ್ತ್ ಅವರ ‘ಸಿಂಗಲ್ ಫಾರ್ಮ್’ 6.4 ಮೀಟರ್ ಎತ್ತರ. ಅದೇ ನಗರದ ಹೈ ಲೈನ್ ಎಂಬ ಎತ್ತರದ ಉದ್ಯಾನದಲ್ಲಿ 2019ರಲ್ಲಿ ನಿಂತ ಸಿಮೋನ್ ಲೀ ಅವರ ‘ಬ್ರಿಕ್ ಹೌಸ್’ 4.9 ಮೀಟರ್. ಎರಡೂ ರಸ್ತೆಯಿಂದಲೇ ಕಾಣುವ ಜಾಗದಲ್ಲಿ ನಿಂತವು.

ಇಡೀ ಕೃತಿ ಕಣ್ಣಿಗೆ ಒಮ್ಮೆಲೇ ಸಿಗಲು ಅದರ ಎತ್ತರದ ಎರಡು ಪಟ್ಟು ದೂರ ಬೇಕು, ಸುತ್ತಲ ಪರಿಸರದೊಂದಿಗೆ ಕಾಣಲು ಮೂರು ಪಟ್ಟು. 5 ಮೀಟರಿನ ಶಿಲ್ಪಕ್ಕೆ 10ರಿಂದ 15 ಮೀಟರ್ ತೆರವಾದ ಜಾಗ. 60 ಸೆಂ.ಮೀ.ನ ಕಂಚನ್ನು ಹುಲ್ಲುಹಾಸಿನ ನಡುವೆ ಇಟ್ಟರೆ ಅದು ಕಳೆದೇ ಹೋಗುತ್ತದೆ. ಅದಕ್ಕೆ ಗೋಡೆಯ ಅಥವಾ ಬೇಲಿಯ ಹಿನ್ನೆಲೆ ಕೊಟ್ಟು 90–110 ಸೆಂ.ಮೀ. ಪೀಠದ ಮೇಲಿಡಿ. ಪೂರ್ತಿ ಗಾತ್ರದ ಪ್ಲೈವುಡ್ ಆಕಾರ ಕತ್ತರಿಸಿ ಅದೇ ಜಾಗದಲ್ಲಿ ಒಂದು ವಾರ ನಿಲ್ಲಿಸಿ, ಬೆಳಗ್ಗೆ, ಮಧ್ಯಾಹ್ನ, ಸಂಜೆ ಫೋಟೊ ತೆಗೆಯಿರಿ. ನೆವೆಲ್ಸನ್ ಅವರಂಥ ಕಪ್ಪು ಮೈಯ ಕೃತಿಗೆ ಇದು ತುಂಬ ಮುಖ್ಯ. ನಡುಹಗಲ ಬಿಸಿಲಲ್ಲಿ ಅದರ ಪದರಗಳೆಲ್ಲ ಕಲೆತು ಒಂದೇ ಕಪ್ಪು ರಾಶಿಯಾಗುತ್ತದೆ, ಓರೆ ಬೆಳಕಿನಲ್ಲಿ ಮಾತ್ರ ಒಳಗಿನ ಆಕಾರಗಳು ಬಿಡಿಸಿಕೊಳ್ಳುತ್ತವೆ.

ಕೃತಿಯನ್ನು ಹಾಳು ಮಾಡುವ ಮೊದಲ ಶತ್ರು ಮಳೆಯಲ್ಲ, ಸ್ಪ್ರಿಂಕ್ಲರ್. ದಿನವೂ ಗಡಸು ನೀರು ಒಂದೇ ಕಡೆ ಬಡಿದು ಒಣಗಿದರೆ ಬಿಳಿ ಸುಣ್ಣದ ಪೊರೆ ಕಟ್ಟುತ್ತದೆ, ಮೇಣ ಬೇಗ ಹೋಗುತ್ತದೆ. ಸ್ಪ್ರಿಂಕ್ಲರಿನ ತಲೆ ತಿರುಗಿಸಿ, ಇಲ್ಲವೇ ಹನಿ ನೀರಾವರಿಗೆ ಬದಲಿಸಿ. ಎರಡನೆಯ ಶತ್ರು ಹುಲ್ಲು ಕತ್ತರಿಸುವ ಯಂತ್ರ. ಅದರ ತಂತಿ ಬುಡದ ಪಟಿನಾವನ್ನು ವಾರವಾರವೂ ಕೆರೆಯುತ್ತದೆ. ಬುಡದ ಸುತ್ತ 50–60 ಸೆಂ.ಮೀ. ಜಲ್ಲಿ ಪಟ್ಟಿ ಹಾಕಿದರೆ ಯಂತ್ರ ಹತ್ತಿರ ಸುಳಿಯುವುದಿಲ್ಲ. ಅಂಟು ಸುರಿಸುವ, ಹಕ್ಕಿ ಕೂರುವ ಮರದ ಕೊಂಬೆಯ ಕೆಳಗೂ ಇಡಬೇಡಿ.

4. ತಳಪಾಯ: ಗಾಳಿಯ ಲೆಕ್ಕ

ಲೋಹ ಭಾರವಿದೆ, ಬೀಳುವುದಿಲ್ಲ ಎಂಬ ಭಾವನೆ ದೊಡ್ಡ ಅಪಾಯ. ಯಾಯೊಯಿ ಕುಸಾಮಾ ಅವರ, ಜಪಾನಿನ ನಾವೋಶಿಮಾ ದ್ವೀಪದ ಹಳದಿ ಕುಂಬಳಕಾಯಿ ಲೋಹದ್ದಲ್ಲ, ಫೈಬರ್‌ಗ್ಲಾಸ್; 2021ರ ಆಗಸ್ಟ್‌ನಲ್ಲಿ ಚಂಡಮಾರುತ ಅದನ್ನು ಕಟ್ಟೆಯಿಂದ ಕಿತ್ತು ಸಮುದ್ರಕ್ಕೆ ಎಳೆಯಿತು. ಮರಳಿ ಸ್ಥಾಪಿಸಿದ್ದು 2022ರಲ್ಲಿ. ತೆಳು ತಗಡಿನ ಅಗಲವಾದ ಶಿಲ್ಪಕ್ಕೂ ಇದೇ ಗತಿ ಬರಬಹುದು.

ಅಂತಿಮ ವಿನ್ಯಾಸ ಸ್ಟ್ರಕ್ಚರಲ್ ಇಂಜಿನಿಯರ್ ಕೈಯಿಂದಲೇ ಆಗಬೇಕು. ಅವರ ಜೊತೆ ಮಾತಾಡಲು ಈ ಲೆಕ್ಕ ತಿಳಿದಿರಲಿ. ಗಾಳಿಯ ಒತ್ತಡ, ಚದರ ಮೀಟರಿಗೆ ನ್ಯೂಟನ್‌ನಲ್ಲಿ, 0.613 × ವೇಗದ ವರ್ಗ. ಸೆಕೆಂಡಿಗೆ 40 ಮೀಟರ್, ಅಂದರೆ ಗಂಟೆಗೆ 144 ಕಿ.ಮೀ. ಗಾಳಿಗೆ ಇದು ಸುಮಾರು 981 ನ್ಯೂಟನ್, ಸರಳವಾಗಿ ಹೇಳಿದರೆ ಚದರ ಮೀಟರಿಗೆ 100 ಕೆ.ಜಿ. ತಳ್ಳುವಿಕೆ.

800 ಕೆ.ಜಿ. ತೂಕದ, ಗಾಳಿಗೆ 6 ಚದರ ಮೀಟರ್ ಮೈಯೊಡ್ಡುವ ಶಿಲ್ಪ ಇದೆ ಎನ್ನಿ. ಆಕಾರದ ಗುಣಾಂಕ 1.3 ಎಂದಿಟ್ಟರೆ 6 × 100 × 1.3 = 780 ಕೆ.ಜಿ. ತಳ್ಳುವಿಕೆ ಬರುತ್ತದೆ. ಅದು ನೆಲದಿಂದ 2 ಮೀಟರ್ ಮೇಲೆ ಕೆಲಸ ಮಾಡುತ್ತದೆ. 1.2×1.2 ಮೀಟರ್ ಅಗಲ, 40 ಸೆಂ.ಮೀ. ದಪ್ಪದ ಕಾಂಕ್ರೀಟ್ ದಿಮ್ಮಿ ಹಾಕಿದರೆ ಅದರ ತೂಕ ಸುಮಾರು 1,380 ಕೆ.ಜಿ., ಶಿಲ್ಪ ಸೇರಿ 2,180. ಉರುಳಿಸುವ ಶಕ್ತಿ, ತಳ್ಳುವಿಕೆಯನ್ನು ದಿಮ್ಮಿಯ ತಳದಿಂದಿರುವ ಎತ್ತರದಿಂದ ಗುಣಿಸಿದರೆ, 780 × 2.4 = 1,872; ಹಿಡಿದು ನಿಲ್ಲಿಸುವುದು, ತೂಕವನ್ನು ದಿಮ್ಮಿಯ ಅರ್ಧ ಅಗಲದಿಂದ ಗುಣಿಸಿದರೆ, 2,180 × 0.6 = 1,308. ಅಂದರೆ ಶಿಲ್ಪ ತಳಪಾಯದ ಸಮೇತ ಮಗುಚುತ್ತದೆ. ದಿಮ್ಮಿಯನ್ನು 2×2 ಮೀಟರ್, 50 ಸೆಂ.ಮೀ. ದಪ್ಪಕ್ಕೆ ಏರಿಸಿದರೆ ಕಾಂಕ್ರೀಟೇ 4,800 ಕೆ.ಜಿ.; ಉರುಳಿಸುವುದು 780 × 2.5 = 1,950, ತಡೆಯುವುದು 5,600 × 1 = 5,600. ಸುಮಾರು 2.9 ಪಟ್ಟು ಸುರಕ್ಷೆ. ದಪ್ಪಕ್ಕಿಂತ ಅಗಲ ಹೆಚ್ಚು ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲಿ ಗಮನಿಸಿ. ಮೇಲೆ 15–20 ಸೆಂ.ಮೀ. ಮಣ್ಣು ಹರಡಿ ದಿಮ್ಮಿಯನ್ನು ಹುಲ್ಲಿನಡಿ ಮುಚ್ಚಬಹುದು, ಆದರೆ ಶಿಲ್ಪದ ತಳತಟ್ಟೆ ಮಣ್ಣಿಗೆ ತಾಗಕೂಡದು. ಮಣ್ಣಿನಲ್ಲಿ ಹೂತ ಕಾರ್ಟೆನ್ ಸದಾ ಒದ್ದೆಯಾಗಿದ್ದು ಬುಡದಲ್ಲೇ ತೂತು ಬೀಳುತ್ತದೆ.

ಯಾರಾದರೂ ಮೇಲೆ ಹತ್ತಿ ತುದಿಯಲ್ಲಿ ನೇತಾಡಿದರೆ ಏನಾಗುತ್ತದೆ ಎಂಬುದನ್ನೂ ಇಂಜಿನಿಯರ್ ಲೆಕ್ಕ ಹಾಕಲಿ. ‘ಹತ್ತಬೇಡಿ’ ಎಂಬ ಬೋರ್ಡಿಗೆ ಭಾರ ಹೊರುವ ಶಕ್ತಿ ಇಲ್ಲ. ಲೂಯಿಸ್ ಬೂರ್ಜ್ವಾ ಅವರ ‘ಮಮಾನ್’ನಂಥ ಕೃತಿಯಾದರೆ ವಿಷಯ ಇನ್ನೂ ಬೇರೆ: ಒಂಬತ್ತು ಮೀಟರಿಗೂ ಎತ್ತರದ ಜೇಡ, ಎಂಟು ಕಾಲಿನ ಮೊನೆಗಳಲ್ಲಿ ಮಾತ್ರ ನೆಲ ಮುಟ್ಟುತ್ತದೆ, ಜನ ಅಡಿಯಲ್ಲೇ ಓಡಾಡುತ್ತಾರೆ. ಒಂದು ಬಿಂದು ಕುಸಿದರೂ ಉಳಿದ ಕಾಲುಗಳ ಮೇಲೆ ತಿರುಚು ಬೀಳುತ್ತದೆ. ಅಂಥದಕ್ಕೆ ಬಿಡಿ ಬಿಡಿ ದಿಮ್ಮಿಗಳನ್ನು ಹಾಕುವುದು ತಪ್ಪು, ಒಂದೇ ಕಟ್ಟಿಗೆ ಸೇರಿದ ತಳಪಾಯ ಬೇಕು.

5. ಬೋಲ್ಟು ಹಾಕುವ ಕ್ರಮ

ಮೇಲಿನ ಉದಾಹರಣೆಯಲ್ಲಿ ನಾಲ್ಕು ಬೋಲ್ಟುಗಳು 60 ಸೆಂ.ಮೀ. ಅಂತರದಲ್ಲಿದ್ದರೆ, ಗಾಳಿ ಬೀಸುವ ಬದಿಯ ಎರಡರ ಮೇಲೆ ತಲಾ ಸುಮಾರು 1,100 ಕೆ.ಜಿ. ಎಳೆತ ಬೀಳುತ್ತದೆ. 316 ಸ್ಟೇನ್‌ಲೆಸ್‌ನ ಎಂ20 (20 ಮಿ.ಮೀ. ವ್ಯಾಸದ) ಸರಳಿಗೆ ಇದು ಕಷ್ಟವಲ್ಲ. ಕಷ್ಟ ಬರುವುದು ಕಾಂಕ್ರೀಟಿನ ರಂಧ್ರದಲ್ಲಿ.

1. ಕಾಂಕ್ರೀಟ್ ಹಾಕಿ 28 ದಿನ ಬಿಡಿ. ತಳತಟ್ಟೆಯದೇ ರಂಧ್ರಗಳಿರುವ ಪ್ಲೈವುಡ್ ಅಚ್ಚು ಇಟ್ಟು ಗುರುತು ಹಾಕಿ.
2. ಎಂ20 ಸರಳಿಗೆ ಸಾಮಾನ್ಯವಾಗಿ 22–24 ಮಿ.ಮೀ. ರಂಧ್ರ, 200–240 ಮಿ.ಮೀ. ಆಳ. ಎಪಾಕ್ಸಿ ಡಬ್ಬಿಯ ಮೇಲಿನ ಸೂಚನೆ ಬೇರೆ ಹೇಳಿದರೆ ಅದನ್ನೇ ಪಾಲಿಸಿ.
3. ರಂಧ್ರವನ್ನು ಗಾಳಿ ಊದಿ, ತಂತಿ ಬ್ರಷ್ ಆಡಿಸಿ, ಮತ್ತೆ ಊದಿ. ಇಡೀ ಸರಣಿಯನ್ನು ಎರಡು ಬಾರಿ ಮಾಡಿ. ಬೋಲ್ಟು ಕಿತ್ತುಬರುವ ಪ್ರಕರಣಗಳಲ್ಲಿ ಪದೇ ಪದೇ ಕಾಣುವ ಕಾರಣ ಇಲ್ಲಿ ಉಳಿದ ಪುಡಿ: ಎಪಾಕ್ಸಿ ಕಾಂಕ್ರೀಟಿಗೆ ಹಿಡಿಯದೆ ಪುಡಿಗೆ ಹಿಡಿಯುತ್ತದೆ.
4. ಎಪಾಕ್ಸಿಯನ್ನು ತಳದಿಂದ ಮೇಲಕ್ಕೆ ಮೂರನೇ ಎರಡು ಭಾಗ ತುಂಬಿ, ಸರಳನ್ನು ತಿರುಗಿಸುತ್ತ ಇಳಿಸಿ. ಸ್ವಲ್ಪ ಉಕ್ಕಿ ಹೊರಬಂದರೆ ಒಳಗೆ ಗಾಳಿ ಉಳಿದಿಲ್ಲ.
5. ಗಟ್ಟಿಯಾಗುವ ಅವಧಿ ತಾಪಮಾನದ ಮೇಲೆ ಬದಲಾಗುತ್ತದೆ, ಚಳಿಯಲ್ಲಿ ಹಲವು ಪಟ್ಟು ಹೆಚ್ಚು. ಅದು ಮುಗಿಯುವವರೆಗೆ ಸರಳನ್ನು ಮುಟ್ಟಬೇಡಿ.
6. ಕೆಳಗೊಂದು ಮಟ್ಟದ ನಟ್ಟು, ಮೇಲೊಂದು ಬಿಗಿಯುವ ನಟ್ಟು. ರಸಮಟ್ಟ ಇಟ್ಟು ಸರಿಮಾಡಿದ ಮೇಲೆ ತಟ್ಟೆಯಡಿ 25–40 ಮಿ.ಮೀ. ಕುಗ್ಗದ ಗ್ರೌಟ್ (ಸಂದು ತುಂಬುವ ಸಿಮೆಂಟ್ ಗಾರೆ) ತುಂಬಿ. ಗ್ರೌಟಿನಲ್ಲಿ ನೀರು ಹೊರಹೋಗಲು ಒಂದು ಪೈಪು ಬಿಡಿ.

ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಸರಳಿಗೆ ಒಣದಾಗಿ ಬಿಗಿದರೆ ಅರ್ಧದಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ, ಆಮೇಲೆ ಗರಗಸವೇ ಗತಿ. ಎಳೆಗಳಿಗೆ ಆಂಟಿ-ಸೀಜ್ ಪೇಸ್ಟ್ ಹಚ್ಚಿ, ಮೆಲ್ಲಗೆ ತಿರುಗಿಸಿ. ಕಂಚು, ಅಲ್ಯೂಮಿನಿಯಂ ಇವು ಸ್ಟೀಲಿಗೆ ತಾಗುವಲ್ಲೆಲ್ಲ ನೈಲಾನ್ ಅಥವಾ ಟೆಫ್ಲಾನ್ ತೋಳು ಮತ್ತು ವಾಷರ್ ಹಾಕಿ. ಬರೀ ವಾಷರ್ ಹಾಕಿ ರಂಧ್ರದೊಳಗೆ ತೋಳು ಮರೆತರೆ ಬೋಲ್ಟಿನ ಮೈ ಒಳಗೆ ತಾಗಿಯೇ ಇರುತ್ತದೆ. ಮಲ್ಟಿಮೀಟರಿನಿಂದ ಸಂಪರ್ಕ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಹೀಗೆ ನೆಲದಿಂದ ಬೇರ್ಪಟ್ಟ ಎತ್ತರದ ಶಿಲ್ಪಕ್ಕೆ ಸಿಡಿಲಿನ ಅರ್ಥಿಂಗ್ ಪ್ರತ್ಯೇಕವಾಗಿ ಕೊಡಬೇಕು. ತೆರೆದ ಬಯಲಲ್ಲಿ ಇದನ್ನು ಬಿಡುವಂತಿಲ್ಲ.

ಉದ್ದದ ಶಿಲ್ಪಕ್ಕೆ ಎರಡು ಕಡೆ ಆಧಾರವಿದ್ದರೆ ಒಂದು ಕಡೆ ಉದ್ದ ರಂಧ್ರ ಇರಲಿ. 6 ಮೀಟರ್ ಅಲ್ಯೂಮಿನಿಯಂ 50 ಡಿಗ್ರಿ ತಾಪಮಾನ ವ್ಯತ್ಯಾಸಕ್ಕೆ ಸುಮಾರು 7 ಮಿ.ಮೀ. ಹಿಗ್ಗುತ್ತದೆ. ಜಾಗ ಸಿಗದಿದ್ದರೆ ಬೆಸುಗೆ ಸೀಳುತ್ತದೆ. ಇನ್ನೊಂದು ಎಚ್ಚರ: ಹಸಿ ಸಿಮೆಂಟು ಕ್ಷಾರ, ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಗ್ರೌಟ್ ಹಾಕುವ ದಿನ ಶಿಲ್ಪದ ಬುಡಕ್ಕೆ ಪ್ಲಾಸ್ಟಿಕ್ ಸುತ್ತಿ, ಸಿಡಿದ ಹನಿಯನ್ನು ಆಗಿಂದಾಗ ತೊಳೆಯಿರಿ. ಒಣಗಿದ ಮೇಲೆ ಕಲೆ ಹೋಗುವುದಿಲ್ಲ.

6. ಎತ್ತಿ ಇಳಿಸುವ ದಿನ

ಸರಪಳಿ ಬೇಡ, ಅಗಲದ ಪಾಲಿಯೆಸ್ಟರ್ ಬೆಲ್ಟ್ ಬಳಸಿ, ಶಿಲ್ಪಕ್ಕೂ ಬೆಲ್ಟಿಗೂ ನಡುವೆ ಶುಭ್ರವಾದ ದಪ್ಪ ಫೋಮ್ ಇಡಿ. ಬೆಲ್ಟಿನ ಕೋನ ನೆಲಕ್ಕೆ 60 ಡಿಗ್ರಿ ಇದ್ದರೆ 800 ಕೆ.ಜಿ. ಭಾರಕ್ಕೆ ಬೆಲ್ಟಿನ ಎರಡು ಎಳೆಗಳಲ್ಲಿ ತಲಾ 462 ಕೆ.ಜಿ. ಎಳೆತ. ಅದೇ 30 ಡಿಗ್ರಿಗೆ ಇಳಿದರೆ ತಲಾ ಪೂರ್ತಿ 800 ಕೆ.ಜಿ., ಜೊತೆಗೆ ಶಿಲ್ಪವನ್ನು ಒಳಕ್ಕೆ ಹಿಂಡುವ ಬಲವೂ ಹೆಚ್ಚುತ್ತದೆ. ತೆಳುವಾದ ತೋಳು, ರೆಕ್ಕೆ, ಕೊಂಬೆಗಳಿಗೆ ಬೆಲ್ಟ್ ಹಾಕಲೇಬೇಡಿ. ಉರ್ಸುಲಾ ಫಾನ್ ರುಡಿಂಗ್ಸ್‌ವಾರ್ಡ್ ಅವರ ಕಂಚುಗಳಂತೆ ಮೇಲಂಚು ಜಾಲರಿಯ ಹಾಗೆ ತೂತು ತೂತಾಗಿದ್ದರೆ ಎತ್ತುವ ಬಿಂದು ಎಲ್ಲಿದೆ ಎಂದು ಎರಕದ ಮನೆಯಿಂದಲೇ ತಿಳಿಯಬೇಕು.

ಕ್ರೇನಿನ ಸಾಮರ್ಥ್ಯ ತೋಳು ಚಾಚಿದಷ್ಟೂ ಇಳಿಯುತ್ತದೆ. ‘ಹತ್ತು ಟನ್ ಕ್ರೇನ್’ ಎಂದು ಮಾತಲ್ಲಿ ಹೇಳಿದ್ದು ಸಾಲದು. 12 ಮೀಟರ್ ದೂರಕ್ಕೆ ಎಷ್ಟು ಎತ್ತುತ್ತದೆ ಎಂಬ ಚಾರ್ಟನ್ನು ಕೇಳಿ ನೋಡಿ. ಕ್ರೇನನ್ನು ಊರಿ ನಿಲ್ಲಿಸುವ ಹೊರಗಾಲುಗಳಡಿ ಅಗಲದ ಹಲಗೆ ಇರಲಿ, ಅಲ್ಲಿ ಚರಂಡಿ ಅಥವಾ ನೀರಿನ ಪೈಪು ಹೋಗಿಲ್ಲವೆಂದು ನಕ್ಷೆಯಲ್ಲಿ ಖಚಿತಪಡಿಸಿಕೊಳ್ಳಿ. ನೆಲದಿಂದ 10 ಸೆಂ.ಮೀ. ಎತ್ತಿ ಎರಡು ನಿಮಿಷ ನಿಲ್ಲಿಸಿ: ಓರೆಯಾದರೆ ಅಲ್ಲೇ ಇಳಿಸಿ ಬೆಲ್ಟ್ ಬದಲಿಸಿ. ಗಾಳಿ ಸೆಕೆಂಡಿಗೆ 9–10 ಮೀಟರ್ ದಾಟಿದರೆ ಆ ದಿನ ಕೆಲಸ ಬೇಡ. ಅಗಲ ಮೈಯ ಕೃತಿಗೆ ಇದಕ್ಕೂ ಮೊದಲೇ ನಿಲ್ಲಿಸಿ. ಅತಿಥಿಗಳು, ಕ್ಯಾಮೆರಾದವರು ಬಂದಾಗಿದೆ ಎಂಬ ಒತ್ತಡಕ್ಕೆ ಮಣಿದು ಎತ್ತಿಸುವುದೇ ಹೆಚ್ಚಿನ ಅನಾಹುತಗಳ ಮೂಲ.

7. ತೊಳೆಯುವುದು, ಮೇಣ ಹಾಕುವುದು

ಇದು ಮೇಣ ಹಾಕಿದ ಕಂಚಿಗೆ ಮಾತ್ರ ಅನ್ವಯ. ವರ್ಷಕ್ಕೊಮ್ಮೆ, ಕಡಲ ತೀರದಲ್ಲಾದರೆ ಎರಡು ಬಾರಿ.

ಮೋಡವಿರುವ ಒಣ ದಿನದ ಬೆಳಗ್ಗೆ ಶುರುಮಾಡಿ. ಮೊದಲು ಪೈಪಿನ ನೀರು, ಬಳಿಕ ಲೀಟರಿಗೆ 2–3 ಮಿ.ಲೀ. ತಟಸ್ಥ ಪಿಎಚ್‌ನ ನಾನ್-ಅಯಾನಿಕ್ ಸಾಬೂನು ಬೆರೆಸಿದ ನೀರು, ಮೃದುವಾದ ಸಹಜ ಕೂದಲಿನ ಬ್ರಷ್. ಮೇಲಿಂದ ಕೆಳಕ್ಕೆ ತೊಳೆಯಿರಿ. ಮೂರು ಬಾರಿ ಜಾಲಿಸಿ, ಕೊನೆಯ ಬಾರಿಗೆ ಖನಿಜ ತೆಗೆದ ನೀರು. ಪ್ರೆಷರ್ ವಾಷರ್ ಬೇಡ: ಅದು ಮೇಣದ ಜೊತೆ ಪಟಿನಾವನ್ನೂ ಕೀಳುತ್ತದೆ, ಎರಕದ ಸೂಕ್ಷ್ಮ ರಂಧ್ರಗಳೊಳಗೆ ನೀರು ತುರುಕುತ್ತದೆ. ಪೂರ್ತಿ ಒಣಗಲು ಕನಿಷ್ಠ ಎರಡು ಮೂರು ಗಂಟೆ ಬಿಡಿ, ಮಡಿಕೆಗಳಿಗೆ ಹೇರ್ ಡ್ರೈಯರ್ ಹಿಡಿಯಿರಿ. ತೇವದ ಮೇಲೆ ಮೇಣ ಬಿದ್ದರೆ ಹಾಲಿನಂಥ ಬಿಳಿ ಮಬ್ಬು ಹಿಡಿಯುತ್ತದೆ, ಮತ್ತೆ ತೆಗೆಯುವ ಕೆಲಸ ಎರಡು ಪಟ್ಟು.

ಮೈಕ್ರೊಕ್ರಿಸ್ಟಲೈನ್ ಮೇಣದ ಪೇಸ್ಟನ್ನು ಕಣ್ಣಿಗೆ ಕಾಣದಷ್ಟು ತೆಳುವಾಗಿ ಹಚ್ಚಿ, 15–20 ನಿಮಿಷ ಬಿಟ್ಟು ಹತ್ತಿ ಬಟ್ಟೆಯಿಂದ ಒರೆಸಿ. ಎರಡನೇ ತೆಳು ಪದರ ಮರುದಿನ. ದಪ್ಪ ಹಚ್ಚಿದರೆ ಮೃದುವಾಗಿಯೇ ಉಳಿದು ದೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಜೇನುಮೇಣ ಆಮ್ಲೀಯ, ಕಾರಿನ ಸಿಲಿಕೋನ್ ಪಾಲಿಶ್ ಮತ್ತೆ ತೆಗೆಯಲು ಬಾರದು, ಎರಡೂ ಬೇಡ. ಲೋಹವನ್ನು ಬಿಸಿಮಾಡಿ ಮೇಣ ಕರಗಿಸಿ ಹಚ್ಚುವ ವಿಧಾನ ಹೆಚ್ಚು ಆಳಕ್ಕೆ ಇಳಿಯುತ್ತದೆ, ಹೆಚ್ಚು ಬಾಳುತ್ತದೆ. ಆದರೆ ಪಟಿನಾದ ಬಣ್ಣ ಒಂದು ಛಾಯೆ ಗಾಢವಾಗುತ್ತದೆ, ಮಾದರಿ ತುಂಡಿನ ಮೇಲೆ ನೋಡದೆ ಕೃತಿಗೆ ಬೆಂಕಿ ಹಿಡಿಯಬೇಡಿ. ಅದು ಸಂರಕ್ಷಣೆಯ ತರಬೇತಿ ಇದ್ದವರ ಕೆಲಸ.

ಮೀರಾ ಮುಖರ್ಜಿಯವರ ಕಂಚುಗಳು ಇಲ್ಲಿ ಒಳ್ಳೆಯ ಪರೀಕ್ಷೆ. ಬಸ್ತರ್‌ನ ಕುಶಲಕರ್ಮಿಗಳಿಂದ ಮೇಣದ ಎರಕ ಕಲಿತ ಅವರು ಮೇಣದ ಎಳೆಗಳನ್ನು ಸುತ್ತಿ ಮೈತುಂಬ ಗೆರೆ, ಚುಕ್ಕಿ, ಹೆಣಿಗೆಗಳನ್ನು ತಂದರು. ಇಂಥ ಮೈಗೆ ಬಟ್ಟೆ ಹಾಕಿ ತಿಕ್ಕಿದರೆ ಉಬ್ಬಿದ ಎಳೆಗಳು ಹೊಳೆಯುತ್ತವೆ, ಗೆರೆಗಳ ಸಂದಿಯಲ್ಲಿ ಮೇಣ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಬಟ್ಟೆ ಬಿಟ್ಟು ಚಿಕ್ಕ ಬ್ರಷ್ ಬಳಸಿ, ಮೇಣವನ್ನು ಇನ್ನೂ ಕಡಿಮೆ ತೆಗೆದುಕೊಳ್ಳಿ.

ತಿಳಿ ಹಸಿರು ಪುಡಿ ಕೈಗೆ ಹತ್ತಿದರೆ, ಒರೆಸಿದ ಕೆಲವು ದಿನಕ್ಕೆ ಅದೇ ಚುಕ್ಕಿಯಲ್ಲಿ ಮತ್ತೆ ಬಂದರೆ ಅದು ಕ್ಲೋರೈಡ್ ಸವೆತ. ಅದರ ಮೇಲೆ ಮೇಣ ಮುಚ್ಚಿದರೆ ರೋಗವನ್ನು ಒಳಗೇ ಪೋಷಿಸಿದ ಹಾಗೆ, ಸಂರಕ್ಷಕರನ್ನು ಕರೆಸಿ. ಕೈಗೆ ಹತ್ತದ ಗಟ್ಟಿ ಹಸಿರು ಪದರವನ್ನು ಅದರ ಪಾಡಿಗೆ ಬಿಡಿ.

ಉಳಿದ ಲೋಹಗಳ ಮಾತು ಚಿಕ್ಕದು. ಕಾರ್ಟೆನ್‌ಗೆ ಮೇಣ, ಎಣ್ಣೆ ಏನೂ ಬೇಡ, ಒದ್ದೆ–ಒಣ ಚಕ್ರ ಸರಿಯಾಗಿ ಸಿಕ್ಕರೆ ಎರಡು ಮೂರು ವರ್ಷದಲ್ಲಿ ಪೊರೆ ತಾನೇ ಕೂಡುತ್ತದೆ. ಅಲ್ಲಿಯವರೆಗೆ ಕಂದು ನೀರು ಇಳಿದು ಪಕ್ಕದ ಕಲ್ಲುಹಾಸನ್ನು ಶಾಶ್ವತವಾಗಿ ಕಲೆಗೊಳಿಸುತ್ತದೆ, ಅದಕ್ಕೆಂದು ಅಂಚಿನಿಂದ 30 ಸೆಂ.ಮೀ. ಆಚೆಯವರೆಗೆ 20 ಸೆಂ.ಮೀ. ಆಳದ ಜಲ್ಲಿ ಕಾಲುವೆ. ಮಡಿಕೆಯಲ್ಲಿ ಕೊಳೆತ ಎಲೆಗಳನ್ನು ತಿಂಗಳಿಗೊಮ್ಮೆ ತೆಗೆಯಿರಿ. ಸ್ಟೇನ್‌ಲೆಸ್‌ಗೆ ಕಬ್ಬಿಣದ ಉಜ್ಜುನಾರು ತಾಗಿಸಬೇಡಿ. ಅದರ ಕಣಗಳು ಹೂತು ತುಕ್ಕಾಗುತ್ತವೆ. ಹತ್ತಿರದ ನೆಲಹಾಸನ್ನು ಆಸಿಡ್ ಹಾಕಿ ತೊಳೆಯುವವರು ಸ್ಟೇನ್‌ಲೆಸ್ ಶಿಲ್ಪಗಳಿಗೆ ಮಾಡುವ ಹಾನಿ ಎಣಿಸಲಾರದಷ್ಟು, ಕಟ್ಟಡ ನಿರ್ವಹಣೆಯವರ ಗುತ್ತಿಗೆಯಲ್ಲೇ ಇದನ್ನು ನಿಷೇಧಿಸಿ. ಅಲ್ಯೂಮಿನಿಯಂ ಬಯಲಲ್ಲಿ ಚೆನ್ನಾಗಿ ಬಾಳುತ್ತದೆ. ಆನಾ ಹೈಯಟ್ ಹಂಟಿಂಗ್ಟನ್ 1950ರಲ್ಲೇ ಬ್ರೂಕ್‌ಗ್ರೀನ್ ಗಾರ್ಡನ್ಸ್‌ಗೆ ಕಾದಾಡುವ ಕುದುರೆಗಳ ಬೃಹತ್ ಶಿಲ್ಪವನ್ನು ಅಲ್ಯೂಮಿನಿಯಂನಲ್ಲಿ ಮಾಡಿದರು. ತೊಳೆಯುವ ದ್ರಾವಣದ ಪಿಎಚ್ 4ರಿಂದ 9ರೊಳಗೆ ಇರಲಿ ಅಷ್ಟೆ.

ಬಣ್ಣ ಬಳಿದ ಸ್ಟೀಲಿಗೆ ತಯಾರಿಯೇ ಆಯುಷ್ಯ. ಎಸ್‌ಎ 2½ ಮಟ್ಟಕ್ಕೆ, ಅಂದರೆ ತುಕ್ಕು ಮತ್ತು ಹಳೆ ಬಣ್ಣ ಬಹುತೇಕ ಹೋಗಿ ಲೋಹ ಕಾಣುವವರೆಗೆ, ಕಣಗಳನ್ನು ಊದಿ ಬ್ಲಾಸ್ಟಿಂಗ್, ಸತುವಿನ ಎಪಾಕ್ಸಿ ಪ್ರೈಮರ್ 60–80 ಮೈಕ್ರಾನ್, ನಡುವೆ ಎಪಾಕ್ಸಿ, ಮೇಲೆ ಪಾಲಿಯುರೆಥೇನ್. ಒಟ್ಟು 200–300 ಮೈಕ್ರಾನ್. ಸ್ಟೀಲಿನ ತಾಪಮಾನ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಚೂಪು ಅಂಚುಗಳನ್ನು 2 ಮಿ.ಮೀ. ದುಂಡಗೆ ಮಾಡಿ, ಇಲ್ಲದಿದ್ದರೆ ಬಣ್ಣ ಅಂಚಿನಿಂದ ಹಿಂದೆ ಸರಿದು ತೆಳುವಾಗಿ ತುಕ್ಕು ಅಲ್ಲೇ ಶುರು. ಮಂಕು ಕಪ್ಪು ಮೈಯನ್ನು ಎಂದೂ ತಿಕ್ಕಬೇಡಿ, ಮೇಣ ಹಾಕಬೇಡಿ. ಹೊಳಪಿನ ತೇಪೆ ಬಂದರೆ ಇಡೀ ಫಲಕಕ್ಕೆ ಮರುಬಣ್ಣವೇ ದಾರಿ.

8. ಫಲಕ, ಬೆಳಕು

ಫಲಕ ಕೃತಿಯಿಂದ 1.5–2 ಮೀಟರ್ ದೂರ, ನೋಡುಗರತ್ತ ಓರೆಯಾಗಿ. ಪಠ್ಯ 24 ಪಾಯಿಂಟಿಗಿಂತ ಚಿಕ್ಕದು ಬೇಡ. ಮೊದಲ ಸಾಲು ಕಲಾವಿದೆಯ ಹೆಸರು, ಎರಡನೆಯದು ಕೃತಿ ಮತ್ತು ವರ್ಷ, ಮೂರನೆಯದು ಲೋಹ ಮತ್ತು ಮೇಲ್ಮೈ. ‘ಇಂಥವರ ಪತ್ನಿ’, ‘ಇಂಥವರ ಶಿಷ್ಯೆ’ ಎಂಬುದು ಮೊದಲ ವಾಕ್ಯದಲ್ಲಿ ಬರಬಾರದು. ಶಿಲ್ಪಿ ರೊದ್ಯಾನನ ಸ್ಟುಡಿಯೊದಲ್ಲಿ ಕೆಲಸ ಮಾಡಿದ ಕಮೀಲ್ ಕ್ಲೋಡೆಲ್ ಹೆಸರಿನ ಮ್ಯೂಸಿಯಂ ಫ್ರಾನ್ಸಿನಲ್ಲಿ ತೆರೆದದ್ದು 2017ರಲ್ಲಿ. ಸ್ವಂತ ಹೆಸರಿನ ಸಾಲು ಸಿಗಲು ಎಷ್ಟು ಕಾಲ ಹಿಡಿಯುತ್ತದೆ ನೋಡಿ. ‘ಮಹಿಳಾ ಶಿಲ್ಪಿ’ ಎಂಬ ತಲೆಬರಹಕ್ಕಿಂತ ಅವರು ಲೋಹಕ್ಕೆ ಏನು ಮಾಡಿದರು ಎಂಬ ಎರಡು ವಾಕ್ಯ ಮೇಲು. ಮೇಲ್ಮೈ ತುಕ್ಕಾಗಿರುವುದು ಉದ್ದೇಶದಿಂದ ಎಂದೂ ಬರೆಯಿರಿ. ಇಲ್ಲದಿದ್ದರೆ ‘ಸರಿಯಾಗಿ ನೋಡಿಕೊಳ್ಳುತ್ತಿಲ್ಲ’ ಎಂಬ ದೂರುಗಳಿಗೆ ಉತ್ತರ ಬರೆಯುತ್ತ ಕೂರಬೇಕು.

ದೀಪ ಎರಡು ಕಡೆಯಿಂದ ಬರಲಿ, 3,000 ಕೆಲ್ವಿನ್ ಆಸುಪಾಸು. ದೀಪದ ಕಬ್ಬಿಣದ ಪೆಟ್ಟಿಗೆಯಿಂದ ತುಕ್ಕಿನ ನೀರು ಶಿಲ್ಪದ ಬುಡಕ್ಕೆ ಹರಿಯದಂತೆ ನೋಡಿಕೊಳ್ಳಿ.

9. ಕಳ್ಳತನ ಮತ್ತು ತಪಾಸಣೆ

ಹೆಪ್‌ವರ್ತ್ ಅವರ ‘ಟು ಫಾರ್ಮ್ಸ್ (ಡಿವೈಡೆಡ್ ಸರ್ಕಲ್)’ ಕಂಚನ್ನು 2011ರ ಡಿಸೆಂಬರಿನಲ್ಲಿ ಲಂಡನ್ನಿನ ಡಲಿಚ್ ಪಾರ್ಕಿನಿಂದ ಕಳ್ಳರು ಕಿತ್ತೊಯ್ದರು. ಗುಜರಿ ಲೋಹದ ಆಸೆಗೆ ಕದ್ದಿರಬೇಕೆಂಬ ಶಂಕೆ ಆಗ ವ್ಯಾಪಕವಾಗಿತ್ತು. ಇಂಥ ಕಳ್ಳರಿಗೆ ಬೇಕಾಗುವುದು ವಾಹನ ನಿಲ್ಲಿಸುವ ಜಾಗ ಮತ್ತು ಸ್ಪ್ಯಾನರ್. ಎರಡನ್ನೂ ಕಷ್ಟಗೊಳಿಸಿ: ವಾಹನ ಬರದಂತೆ ಕಂಬಗಳು, ಬಿಗಿದ ಮೇಲೆ ತಲೆ ಮುರಿಯುವ ಷಿಯರ್ ನಟ್ಟು, ತಳತಟ್ಟೆಯ ಮೇಲೆ ಮುಚ್ಚಳ, ಅಲುಗಾಟ ಗುರುತಿಸುವ ಸೆನ್ಸರ್. ಬೇಲಿಯಿಂದ ಹಿಡಿದು ಶಿಲ್ಪದವರೆಗೆ ಮಂದ ಬೆಳಕು ಇರಲಿ. ಕಂಚಿನ ಚಿಕ್ಕ ಕೃತಿಗಳನ್ನು ಪೀಠದ ಒಳಗಿನಿಂದ ಬೋಲ್ಟ್ ಮಾಡಿ, ಹೊರಗೆ ನಟ್ಟು ಕಾಣಲೇಬಾರದು.

ತಪಾಸಣೆಗೆ ಎಂಟು ನಿಗದಿತ ಬಿಂದುಗಳಿಂದ, ಅದೇ ಲೆನ್ಸ್, ಅದೇ ಹೊತ್ತು, ಪಕ್ಕದಲ್ಲಿ ಬಣ್ಣದ ಪಟ್ಟಿ ಇಟ್ಟು ಮೂರು ತಿಂಗಳಿಗೊಮ್ಮೆ ಫೋಟೊ ತೆಗೆಯಿರಿ. ನಿಂತ ಬಿಂದುಗಳನ್ನು ನೆಲದಲ್ಲಿ ಹಿತ್ತಾಳೆ ಮೊಳೆಯಿಂದ ಗುರುತಿಸಿದರೆ ಹೊಸ ಸಿಬ್ಬಂದಿಗೂ ತಪ್ಪುವುದಿಲ್ಲ. ವಾರಕ್ಕೊಮ್ಮೆ ಕಾವಲುಗಾರರೇ ನೋಡಬೇಕಾದದ್ದು ಮೂರು: ನೀರಿನ ರಂಧ್ರ ತೆರೆದಿದೆಯೇ, ಸಡಿಲಾದರೆ ತಿಳಿಯಲೆಂದು ನಟ್ಟಿನ ಮೇಲೆ ಬಳಿದ ಗೆರೆ ಸಾಲಿನಲ್ಲೇ ಇದೆಯೇ, ಹಕ್ಕಿಯ ಹಿಕ್ಕೆ ಬಿದ್ದಿದೆಯೇ. ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇದೆ. ಬಿಸಿಲಲ್ಲಿ ಒಣಗುವ ಮೊದಲು ಒದ್ದೆ ಬಟ್ಟೆ ಇಟ್ಟು ನೆನೆಸಿ ತೆಗೆಯಬೇಕು, ಕೆರೆಯಬಾರದು. ಗೀಚುಬರಹ ಕಂಡರೆ ಕಾವಲುಗಾರರು ಥಿನ್ನರ್ ಹಿಡಿದು ಹೋಗಬಾರದು. ಫೋಟೊ ತೆಗೆದು, ಮೇಲ್ಮೈ ದಾಖಲೆ ಯಾರ ಬಳಿ ಇದೆಯೋ ಅವರಿಗೆ ಅದೇ ದಿನ ಫೋನ್ ಮಾಡಬೇಕು. ಆ ಫೋನ್ ನಂಬರು ಕಾವಲು ಕೋಣೆಯ ಗೋಡೆಯ ಮೇಲೆ, ಶಿಲ್ಪದ ಹೆಸರಿನ ಎದುರಿಗೇ ಇರಲಿ.